ಅತ್ತೆಯ ಕೈ ಮತ್ತು ಅಡುಗೆ ಕಟ್ಟೆಯ ಕಲ್ಲು

ಮುದ್ದೇಬಿಹಾಳದ ಮನೆ ಖಾಲಿ ಮಾಡುವ ದಿನ ಏನೇನು ಕೆಡಬಹುದು ಎಂಬುದರ ಪಟ್ಟಿ ನನ್ನ ಬಳಿ ಎರಡು ದಿನ ಮೊದಲೇ ತಯಾರಿತ್ತು. ಟೆಂಪೋ ಬಾರದಿರಬಹುದು. ಬಂದರೂ ಡ್ರೈವರನಿಗೆ ನಾಲತವಾಡದಿಂದ ಇನ್ನೊಂದು ಬಾಡಿಗೆಯ ಕರೆ ಬಂದು ನಮ್ಮ ಸಾಮಾನನ್ನು ಅರ್ಧಕ್ಕೇ ಇಳಿಸಿ ಹೋಗಬಹುದು. ಫ್ರಿಜ್ ಬಾಗಿಲಿನಲ್ಲಿ ಸಿಕ್ಕಿಕೊಳ್ಳಬಹುದು. ಬಾಗಿಲಿನ ಚೌಕಟ್ಟು ಕಿತ್ತುಬರಬಹುದು. ಚೌಕಟ್ಟಿನ ಖರ್ಚು ನಮ್ಮ ತಲೆಗೆ ಬರಬಹುದು. ಮಾಲಕರು ಗೋಡೆಯ ಮೊಳೆ ತೂತುಗಳನ್ನು ಎಣಿಸುತ್ತಾ ಕೂರಬಹುದು. ಕರೆಂಟ್ ಬಿಲ್ಲು ಆ ತಿಂಗಳೇ ಹುಚ್ಚು ಹಿಡಿದಂತೆ ಏರಬಹುದು. ಬೈಕಿನ ಮೇಲೆ ಮುಂದೆ ಹೋದ ನನ್ನ ಗಂಡ ಹೊಸ ಊರಾದ ಬಸವನ ಬಾಗೇವಾಡಿಯಲ್ಲಿ ಬೇರೆ ಯಾರದೋ ಮನೆಯ ಮುಂದೆ ನಿಂತು ಕೀಲಿ ಕೇಳಬಹುದು. ಮಳೆ ಬರಬಹುದು. ಊರೆಲ್ಲ ಮಳೆಗಾಗಿ ಮುಗಿಲು ನೋಡುವಾಗ, ಗಾದಿ ತೊಯ್ದೀತೆಂದು ಮುಗಿಲಿಗೆ ಕೈಮುಗಿದು ಬೇಡವೆಂದವಳು ಬಹುಶಃ ನಾನೊಬ್ಬಳೇ.

ಇದು ನನ್ನ ಸ್ವಭಾವ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ವಯಸ್ಸು ಐವತ್ತರ ಹೊಸ್ತಿಲಲ್ಲಿದೆ, ವರ್ಗಾವಣೆ ಆದಲ್ಲೆಲ್ಲ ಬಾಡಿಗೆ ಮನೆ ಹುಡುಕಿಕೊಂಡು ಬದುಕಿದವಳು. ಇಂಡಿಯಲ್ಲಿ ಮೊದಲ ಮನೆ ಬಿಡುವಾಗ ಮಾಲಕರು ಕಿಟಕಿಯ ಒಡೆದ ಗಾಜನ್ನು ತೋರಿಸಿ ಡಿಪಾಜಿಟ್ಟಿನಲ್ಲಿ ಒಂದಿಷ್ಟು ಹಿಡಿದುಕೊಂಡರು. ಆ ಗಾಜು ನಾವು ಬರುವ ಮೊದಲೇ ಒಡೆದಿತ್ತು. ಹಾಗೆಂದೆ. "ಸಾಕ್ಷಿ ಏನೈತ್ರಿ?" ಎಂದರು. ಸಾಕ್ಷಿ ಇರಲಿಲ್ಲ. ಅಂದಿನಿಂದ ನಾನು ಸಾಕ್ಷಿ ಕೂಡಿಡುವವಳಾದೆ. ಸಿಂದಗಿಯ ಮನೆಗೆ ಕಾಲಿಟ್ಟ ದಿನ, ಹಾಲು ಉಕ್ಕಿಸುವ ಮೊದಲೇ, ಪ್ರತಿ ಗೋಡೆ, ಪ್ರತಿ ನಳ, ಪ್ರತಿ ಬಾಗಿಲ ಚಿಲಕದ ಫೋಟೋ ತೆಗೆದೆ. ನಾಲ್ಕು ವರ್ಷ ಕಾಪಾಡಿದೆ. ಅಲ್ಲಿನ ಮಾಲಕರು ಯಂಕಂಚಿಯ ರೈತರು. ಮನೆ ಬಿಡುವ ದಿನ ಒಳಗೆ ಹೆಜ್ಜೆಯನ್ನೂ ಇಡದೆ ಅಂಗಳದಲ್ಲೇ ನಿಂತು ಪೂರ್ತಿ ಹಣ ಕೈಗಿಟ್ಟು, "ಹೋಗಿ ಬರ್ರಿ ಅಕ್ಕೋರ" ಎಂದುಬಿಟ್ಟರು. ನಿಜ ಹೇಳಬೇಕೆಂದರೆ ನನಗೆ ನಿರಾಸೆಯಾಯಿತು. ಕನಿಷ್ಠ ಬಚ್ಚಲ ಬಾಗಿಲನ್ನಾದರೂ ನೋಡಬೇಕಿತ್ತು. ಅದರ ಫೋಟೋಗಳೇ ಆರು ಇದ್ದವು.

ನಮ್ಮ ಮನೆಯಲ್ಲಿ ಚಿಂತೆ ಮಾಡುವ ಖಾತೆ ನನ್ನದಾದರೆ, ಚಿಂತೆ ಮಾಡದಿರುವ ಖಾತೆ ಅತ್ತೆಯದು. ಭೀಮಾ ದಂಡೆಯ ದೇವಣಗಾಂವದವರು. ಗಂಡ ತೀರಿದಾಗ ಮಗನಿಗೆ, ಅಂದರೆ ನನ್ನ ಯಜಮಾನರಿಗೆ, ಇನ್ನೂ ಹಾಲುಹಲ್ಲು. ಜೋಳದ ರೊಟ್ಟಿ ಬಡಿದು ಮಾರಿ ಅವರನ್ನು ಓದಿಸಿದರು. ಈಗ ಮಗನ ಸಂಬಳ, ಸೊಸೆಯ ಸಂಬಳ ಎರಡೂ ಬರುತ್ತವೆ. ಆದರೂ ದಿನಕ್ಕೆ ನಲವತ್ತು ರೊಟ್ಟಿ ಬಡಿಯುವುದು ನಿಂತಿಲ್ಲ. ಶಾಲೆಯ ಮಾಸ್ತರರು, ಬ್ಯಾಂಕಿನವರು, ಒಂದೆರಡು ಖಾನಾವಳಿಯವರು ಬಂದು ಒಯ್ಯುತ್ತಾರೆ. "ಸಾಕ್ ಮಾಡ್ರಿ ಅತ್ತಿ" ಎಂದರೆ, "ನೀ ಸಾಲಿಗಿ ಹೋಗೂದು ಸಾಕ್ ಮಾಡ್ತೀ ಏನು?" ಎನ್ನುತ್ತಾರೆ. ಎಪ್ಪತ್ತು ದಾಟಿದ ಆ ಕೈಯ ಕೆಳಗೆ ಹಿಟ್ಟಿನ ಮುದ್ದೆ ಅಗಲವಾಗುತ್ತಾ ಹೋಗುವುದನ್ನು ನಾನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಅಂಚು ಸೀಳಿದ್ದನ್ನು ಇನ್ನೂ ಕಂಡಿಲ್ಲ.

ಬಾಗೇವಾಡಿಯಲ್ಲಿ ಮನೆ ನೋಡಲು ಹೋದಾಗ ಈ ನಲವತ್ತು ರೊಟ್ಟಿಯ ವಿಷಯವನ್ನು ಅತ್ತೆಯೇ ಮೊದಲು ಎತ್ತಿದರು. ನಾನು ಮುಚ್ಚಿಡೋಣವೆಂದು ಕಣ್ಸನ್ನೆ ಮಾಡುತ್ತಿದ್ದೆ. ಹೊಸ ಮನೆಯೊಡತಿ, "ಬಡೀರಿ, ನಂದೇನಿಲ್ಲ. ಆದ್ರ ಹಳೇ ಮನಿ ಮಾಲಕರು ಒಂದ ಮಾತ ಹೇಳಲಿ, ಕೀಲಿ ಆವಾಗ ಕೊಡ್ತೇನಿ" ಎಂದರು. ನಮ್ಮ ಊರುಗಳಲ್ಲಿ ಬಾಡಿಗೆಗೆ ಕರಾರುಪತ್ರ ಎಂದರೆ ಇದೇ. ಹಳೆಯ ಮಾಲಕನ ಬಾಯಿಂದ ಫೋನಿನಲ್ಲಿ ಒಂದು ಒಳ್ಳೆಯ ಮಾತು ಹೋಗಬೇಕು. ಡಿಪಾಜಿಟ್ ಕಳೆದುಕೊಂಡರೆ ಇನ್ನೊಂದು ಮನೆ ಹಿಡಿಯಬಹುದು. ಆ ಮಾತು ಕೆಟ್ಟರೆ ಅದು ನಮಗಿಂತ ಮೊದಲು ಮುಂದಿನ ಊರು ತಲುಪುತ್ತದೆ.

ಮುದ್ದೇಬಿಹಾಳದ ಮಾಲಕರು ಕಾಳಿನ ವ್ಯಾಪಾರಿಗಳು. ಕೆಟ್ಟವರಲ್ಲ, ಒಂದು ಹಿಡಿ ತೊಗರಿಯನ್ನು ಅಂಗೈಯಲ್ಲಿ ಹಾಕಿಕೊಂಡು ಊದಿ ಊದಿ ನೋಡುವ ಜಾತಿಯವರು, ಅಷ್ಟೇ. ಮನೆಯನ್ನೂ ಹಾಗೇ ನೋಡಿದರು. ಮೊಳೆ ತೂತುಗಳನ್ನು ದಾಟಿದರು. ಬಚ್ಚಲನ್ನು ದಾಟಿದರು. ನನ್ನ ಎದೆ ಒಂದೊಂದೇ ಕೋಣೆಗೆ ಹಗುರಾಗುತ್ತಿತ್ತು. ಅಡುಗೆಮನೆಯಲ್ಲಿ ನಿಂತುಬಿಟ್ಟರು.

"ಅಕ್ಕೋರ, ಇದೇನ್ರಿ?"

ಕಟ್ಟೆಗೆ ಹಾಸಿದ ಕರಿ ಕಡಪಾ ಕಲ್ಲಿನಲ್ಲಿ, ಅಲ್ಲಿಯವರೆಗೂ ಹಿಟ್ಟು-ಕಾಳಿನ ಡಬ್ಬಿಗಳು ಕೂತಿದ್ದ ಬಲತುದಿಯಲ್ಲಿ, ಗೋಡೆಯಿಂದ ಅಂಚಿನವರೆಗೆ ಒಂದು ಬಿರುಕು. ನಾನು ಅದನ್ನು ಮೊದಲ ಸಲ ನೋಡುತ್ತಿದ್ದೆ. ಕಟ್ಟೆ ಒರೆಸುವುದು ನನ್ನ ಪಾಲಿನ ಕೆಲಸ. ಡಬ್ಬಿ ಸರಿಸದೆ ಸುತ್ತಲೂ ಒರೆಸುವುದು ನನ್ನ ಪದ್ಧತಿ.

"ದಿನಾ ನಲವತ್ತ ರೊಟ್ಟಿ ಬಡದ್ರ ಕಲ್ಲೇನ್ರಿ, ಗುಡ್ಡಾನೂ ಸೀಳತೈತಿ" ಎಂದರು ಮಾಲಕರು, ಸಿಟ್ಟಿಲ್ಲದೆ, ಬೇಸರದಿಂದ. "ಹೊಸಾ ಕಲ್ಲ ಹಾಕಸಬೇಕು. ಡಿಪಾಜಿಟ್ಟಿನ್ಯಾಗ ಹಿಡಕೋತೇನಿ. ಮತ್ತ ಬಾಗೇವಾಡಿ ಅವರು ಕೇಳಿದ್ರ ಖರೇನ ಹೇಳಬೇಕಲ್ರಿ. ಮನಿ ಚೊಲೊ ಇಟ್ಟಾರ, ಆದ್ರ ರೊಟ್ಟಿ ಬಡದು ಕಟ್ಟಿ ಒಡದಾರ ಅಂತೇನಿ. ಸುಳ್ಳ ಹ್ಯಾಂಗ ಹೇಳ್ಲಿ?"

ನಾನು ಫೋನು ತೆಗೆದು ಬೆರಳು ಓಡಿಸಿದೆ. ಇನ್ನೂರಕ್ಕೂ ಹೆಚ್ಚು ಫೋಟೋ. ಪಾಯಖಾನೆಯ ದೀಪದ ಗುಂಡಿಯದೂ ಇತ್ತು. ಕಟ್ಟೆಯ ಕಲ್ಲಿನದು ಒಂದೂ ಇರಲಿಲ್ಲ. ಕಲ್ಲು ಒಡೆಯುವ ವಸ್ತುವೆಂದು ನನಗೆ ಹೊಳೆದೇ ಇರಲಿಲ್ಲ.

"ಹಿಡಕೊಳ್ರಿ, ಹಿಡಕೊಳ್ರಿ" ಎಂದೆ. ಫೋನಿನಲ್ಲಿ ಮಾತ್ರ ಏನೂ ಹೇಳಬೇಡಿ ಎಂದು ಬೇಡಿಕೊಳ್ಳುವ ಹಂತದಲ್ಲಿದ್ದೆ. ಅಷ್ಟರಲ್ಲಿ ಅತ್ತೆ ಹಜಾರದಿಂದ ಬಂದರು.

"ರೊಕ್ಕಾ ಹಿಡಕೋ ತಮ್ಮಾ, ಬೇಕಂದ್ರ ಎಲ್ಲಾ ಹಿಡಕೋ. ಆದ್ರ ಕಲ್ಲ ನನ್ನ ಕೈಯಿಂದ ಒಡದೈತಿ ಅಂತ ಅನಬ್ಯಾಡ."

"ಮತ್ತ ಯಾರ ಕೈಯಿಂದ್ರಿ ಅವ್ವಾರ?"

"ನಿಂದರು, ತೋರಸ್ತೇನಿ." ಹೊರಗೆ ಮುಖ ಮಾಡಿ ಟೆಂಪೋದವನಿಗೆ ಕೂಗಿದರು: "ಏ ತಮ್ಮಾ, ಹಿಟ್ಟಿನ ಡಬ್ಬಿ ಇಳಸು. ಹಂಚೂ ತಾ."

"ಆಯೀ, ಡಬ್ಬಿ ತಳಕ ಐತಿ! ಮ್ಯಾಲ ಫ್ರಿಜ್ ಕುಂತೈತಿ!"

"ಫ್ರಿಜ್ಜಿಗಿ ಏಳು ಅನ್ನು."

ಡ್ರೈವರ್ ಗೊಣಗುತ್ತಾ ಅರ್ಧ ಸಾಮಾನು ಇಳಿಸಿದ. ಸಾಮಾನು ಹೊರುವವರ ಚಹಾಕ್ಕೆಂದು ಒಲೆಯನ್ನೂ ಸಿಲಿಂಡರನ್ನೂ ಕೊನೆಗೆ ಉಳಿಸಿದ್ದೆವು. ಅತ್ತೆ ಒಲೆ ಹಚ್ಚಿ ಹಂಚು ಏರಿಸಿದರು, ಬಿಸಿನೀರು ಹಾಕಿ ಹಿಟ್ಟು ನಾದಿದರು. ಅದೇ ಹೊತ್ತಿಗೆ ಬಾಗೇವಾಡಿಯಿಂದ ಗಂಡನ ಫೋನು: "ಕೀಲಿ ಕೊಡವಲ್ರು. ಮಾಲಕರ ಫೋನ್ ಬರಲಿ ಅನ್ನಾಕತ್ತಾರ. ಏನ್ ಮಾಡಾಕತ್ತೀರಿ ಅಲ್ಲಿ?"

"ರೊಟ್ಟಿ" ಎಂದೆ. ಅವರು ಫೋನು ಇಟ್ಟರು.

ಅತ್ತೆ ಎಡಬದಿಯಲ್ಲಿ, ಒಲೆಯ ಪಕ್ಕದಲ್ಲಿ ನಿಂತು ಬಡಿಯತೊಡಗಿದರು. ಆ ಜಾಗದಲ್ಲಿ ಕರಿ ಕಲ್ಲು ದುಂಡಗೆ, ಒಂದು ರೊಟ್ಟಿಯಷ್ಟು ಅಗಲಕ್ಕೆ, ಕನ್ನಡಿಯಂತೆ ನುಣುಪಾಗಿತ್ತು. ಮೂರು ವರ್ಷದ ಕೈ ಓಡಾಡಿದ ಗುರುತು. ನಾನು ದಿನಾ ನೋಡಿಯೂ ನೋಡಿರಲಿಲ್ಲ.

"ಕೇಳು. ಇಲ್ಲಿ ಏನರೆ ಸೀಳೈತಿ?" ಧಪ್, ಧಪ್, ಧಪ್. ಒಂದೇ ಗಟ್ಟಿ ಸಪ್ಪಳ. "ಒಲಿ ಇಲ್ಲಿ ಇದ್ರ ರೊಟ್ಟಿ ಇಲ್ಲೇ ಬಡೀತಾರ. ರೊಟ್ಟಿ ಹೊತಗೊಂಡು ಆ ತುದೀಗ್ಯಾಕ ಹೋಗ್ಲಿ, ಯಾತ್ರಾ ಏನು?" ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಬರಿಗೈಯಿಂದ ಬಿರುಕಿನ ಹತ್ತಿರ ಎರಡು ಬಾರಿ ತಟ್ಟಿದರು. ಅಲ್ಲಿನ ಸಪ್ಪಳ ಬೇರೆ, ಪೊಳ್ಳು ಡಬ್ಬಿಯಂತೆ. "ಇದು ಬಡದ ಒಡದದ್ದಲ್ಲ. ಇದರ ಮ್ಯಾಲ ಯಾರೋ ನಿಂತಾರ."

ಮಾಲಕರು ನಕ್ಕರು. "ಕಟ್ಟೀ ಮ್ಯಾಲ ಯಾರ್ ನಿಂದರ್ತಾರ್ರಿ?"

ಆಗ ನನಗೆ ನೆನಪಾಯಿತು. ಹೋದ ಮಳೆಗಾಲ. ಅಡುಗೆಮನೆಯ ಛಾವಣಿಯಲ್ಲಿ ಒದ್ದೆಯ ಕಲೆ ಕಾಣಿಸಿತ್ತು. ಮುಂದೆ ಅದು ನಮ್ಮ ತಪ್ಪೆಂದಾರು ಎಂದು ಹೆದರಿ, ಡಬ್ಬಿಗಳನ್ನು ಕೆಳಗಿಟ್ಟು, ಕಟ್ಟೆ ಏರಿ ನಿಂತು ಹತ್ತಿರದಿಂದ ಫೋಟೋ ತೆಗೆದಿದ್ದೆ. ಆಗ ಕಾಲಡಿಯಲ್ಲಿ 'ಟಕ್' ಎಂದಿತ್ತು. ಅದು ಫೋನಿನ ಕ್ಯಾಮೆರಾದ ಸಪ್ಪಳ ಎಂದುಕೊಂಡು ಕೆಳಗಿಳಿದು, ಡಬ್ಬಿಗಳನ್ನು ವಾಪಸು ಜೋಡಿಸಿದ್ದೆ.

ಸುಮ್ಮನಿರಬಹುದಿತ್ತು. ನಿಜ ಹೇಳಿದರೆ ಏನೇನಾದೀತು ಎಂಬ ಪಟ್ಟಿಯೂ ತಲೆಯಲ್ಲಿ ಬಿಚ್ಚಿಕೊಳ್ಳತೊಡಗಿತ್ತು. ಆದರೆ ಅತ್ತೆಯ ಹಿಟ್ಟು ಮೆತ್ತಿದ ಕೈ ಇನ್ನೂ ಕಲ್ಲಿನ ಮೇಲಿತ್ತು. ಪಟ್ಟಿ ಅರ್ಧಕ್ಕೇ ನಿಂತಿತು.

"ನಾನ ನಿಂತಿದ್ದೆರಿ" ಎಂದೆ. ಫೋಟೋವನ್ನೂ ತೋರಿಸಿದೆ. ಛಾವಣಿಯ ಕಲೆ ಗೇಣುದೂರದಿಂದ. ಮೂಲೆಯಲ್ಲಿ ನನ್ನದೇ ತಲೆಯ ನೆರಳು. ಹಾನಿಗೆ ಸಾಕ್ಷಿ ತೆಗೆಯುವ ಭರದಲ್ಲಿ ಹಾನಿ ಮಾಡಿ ಅದಕ್ಕೂ ಸಾಕ್ಷಿ ಇಟ್ಟುಕೊಂಡಿದ್ದೆ.

ಮಾಲಕರು ಫೋಟೋ ನೋಡಿದರು, ನನ್ನನ್ನು ನೋಡಿದರು, ಕಲ್ಲನ್ನು ನೋಡಿದರು. "ಆದ್ರೂ ಅಕ್ಕೋರ, ನೀವು ಅಂಥಾ ಭಾರ ಏನಿಲ್ಲ" ಎಂದು ಮರ್ಯಾದೆಯಿಂದ ಹೇಳಿ, ಕೂತು ಕಟ್ಟೆಯ ಕೆಳಗೆ ಮೊಬೈಲ್ ಬೆಳಕು ಹಾಕಿದರು. ನಾವೆಲ್ಲ ಬಗ್ಗಿದೆವು. ಡ್ರೈವರನೂ ಬಂದು ಬಗ್ಗಿದ. ಸಿಲಿಂಡರಿನ ಹಿಂದೆ, ಕಲ್ಲಿಗೆ ಆನಿಕೆ ಕೊಡಬೇಕಾಗಿದ್ದ ಇಟ್ಟಿಗೆ ಕಂಬ ಮೊಳಕಾಲೆತ್ತರಕ್ಕೆ ಮುಗಿದಿತ್ತು. ಮೇಲೆ ಬರೀ ಗಾಳಿ. ಮಕ್ಕಳಿಗೆ ಭಾರ, ಆಧಾರ, ಸಮತೋಲ ಎಂದು ಪಾಠ ಹೇಳುವ ನನ್ನ ಕಟ್ಟೆ ಮೂರು ವರ್ಷದಿಂದ ಗಾಳಿಯ ಮೇಲಿತ್ತು.

ಮಾಲಕರು ಕೈ ಚಾಚಿ ಕಂಬದ ಒಡೆದ ತುದಿಯನ್ನು ಸವರಿ ನೋಡಿದರು. ಕೊನೆಗೆ ಕಟ್ಟೆಯ ಕೆಳಗಿನಿಂದಲೇ ಅವರ ದನಿ ಬಂತು.

"ನೀವು ಬರೂಕಿಂತ ಮೊದಲ, ಗ್ಯಾಸಿನ ಟಾಕಿ ಒಳಗ ಹೋಗವಲ್ದು ಅಂತ ನಾನ ಗೌಂಡೀನ ಕರಸಿ ಈ ಕಂಬ ಒಡಸಿದ್ದೆ. ಮುಂದ ಬ್ಯಾರೆ ಕಟ್ಟಸ್ತೇನಿ ಅಂದಿದ್ದೆ. ಮರತೆ."

ಒಡೆಸಿದ್ದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಹೇಳದಿದ್ದರೆ ನಮಗೆ ತಿಳಿಯುತ್ತಲೂ ಇರಲಿಲ್ಲ. ನಾನು ಒಪ್ಪಿಕೊಂಡದ್ದರಿಂದ ಅವರೂ ಒಪ್ಪಿಕೊಂಡರೆಂದು ಬಹಳ ದಿನ ಎಲ್ಲರೆದುರು ಹೇಳಿಕೊಂಡು ತಿರುಗಿದೆ. ಹಾಗೆ ಇರಲಿಕ್ಕಿಲ್ಲ. ಆ ಮುದುಕಿಯ ಎದುರು, ಆ ಕಲ್ಲಿನ ಸಪ್ಪಳ ಕೇಳಿದ ಮೇಲೆ, ಇಬ್ಬರಿಗೂ ಬೇರೆ ದಾರಿ ಇರಲಿಲ್ಲ.

"ಕಂಬ ನಂದು, ಕಾಲು ನಿಮ್ಮದು. ಅರ್ಧಾ ಅರ್ಧಾ" ಎಂದರು ಎದ್ದು ಮೊಳಕಾಲು ಕೊಡವಿಕೊಳ್ಳುತ್ತಾ. ನಾನು ತಲೆಯಾಡಿಸಿದೆ.

"ಅದು ನಿಮ್ಮ ನಿಮ್ಮದು" ಎಂದರು ಅತ್ತೆ. "ನೀ ಮೊದಲ ಬಾಗೇವಾಡಿಗಿ ಫೋನ್ ಹಚ್ಚು."

ಮಾಲಕರು ಅಲ್ಲೇ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. "ನಮಸ್ಕಾರ್ರಿ. ನಮ್ಮ ಕಟ್ಟಿ ಕಲ್ಲ ಒಡದೈತಿ, ಅದನ್ನ ಮೊದಲ ಹೇಳ್ತೇನಿ. ಒಡದದ್ದು ನಾನೂ ಅಕ್ಕೋರೂ ಕೂಡಿ. ನಾ ಕೆಳಗಿನ ಕಂಬ ತಗಸಿದ್ದೆ, ಅಕ್ಕೋರು ಮ್ಯಾಲ ಏರಿ ನಿಂತಿದ್ರು. ಅವ್ವಾರು ಬಡದ ಜಾಗಾ ನೋಡಿದ್ರ ಅಲ್ಲಿ ಮುಖಾ ಕಾಣತೈತ್ರಿ, ಹಂಗ ಇಟ್ಟಾರ. ಇಂಥವರು ನಿಮಗ ಮತ್ತ ಸಿಗೂದಿಲ್ಲ. ನನಗೂ ಸಿಗೂದಿಲ್ಲ."

ಆ ಕಡೆಯಿಂದ ಮನೆಯೊಡತಿಯ ದನಿ: "ಆತ್ರಿ, ಕೀಲಿ ಕೊಟ್ಟೆ. ಅವ್ವಾರಿಗಿ ಹೇಳ್ರಿ, ನಮ್ಮ ಕಟ್ಟೀಗಿ ಕೆಳಗ ಮೂರ ಕಂಬ ಅದಾವ. ಅಕ್ಕೋರಿಗಿ ಮಾತ್ರ ನಿಚ್ಚಣಕಿ ಕೊಡ್ತೇನಿ." ಸುದ್ದಿ ಅಷ್ಟರಲ್ಲೇ ಹೊಸ ಊರು ಸೇರಿತ್ತು, ನನ್ನ ಹೆಸರಿನಲ್ಲಿ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅತ್ತೆಯ ಹಿಂದೆ ನಿಂತಿದ್ದ ನಾನು, ತರಗತಿಗೆ ಮೊದಲು ಬಂದ ಹುಡುಗಿಯ ತಾಯಿಯಂತೆ ಸುತ್ತಲಿನವರನ್ನು ನೋಡುತ್ತಿದ್ದೆ.

ಮೊದಲು ಮೂಗೆಳೆದವನು ಡ್ರೈವರ್. ಆಮೇಲೆ ನಾವೆಲ್ಲ ತಿರುಗಿದೆವು. ಕಟ್ಟೆಯ ಕೆಳಗೆ ಎಲ್ಲರೂ ಬಗ್ಗಿದ್ದಾಗ ಹಂಚಿನ ಮೇಲಿನ ರೊಟ್ಟಿಯನ್ನು ಯಾರೂ ಮಗುಚಿರಲಿಲ್ಲ. ಒಂದು ಮಗ್ಗುಲು ಪೂರ್ತಿ ಕರ್ರಗಾಗಿತ್ತು.

"ಕೊಡ್ರಿ ಅವ್ವಾರ, ನಾ ತಿಂತೇನಿ. ಕೆನಿ ಮೊಸರಿನ್ಯಾಗ ಗೊತ್ತಾಗೂದಿಲ್ಲ" ಎಂದು ಮಾಲಕರು ಕೈ ಚಾಚಿದರು.

"ನನ್ನ ಕೈಯಾನ ಹೊತ್ತಿದ ರೊಟ್ಟಿ ಯಾರೂ ತಿಂದಿಲ್ಲ, ನೀನೂ ತಿನ್ನಬ್ಯಾಡ" ಎಂದು ಅತ್ತೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಟೆಂಪೋ ಏರಿದರು. ಬಾಗೇವಾಡಿ ಬರುವವರೆಗೂ ಯಾರಿಗೂ ತೋರಿಸಲಿಲ್ಲ.