ಸಹಿ ಮೊದಲು, ಸರಪಳಿ ಆಮೇಲೆ

ಬಂಗಾರಪೇಟೆಯಲ್ಲಿ ಬಾಡಿಗೆ ಕೋಣೆ, ಕೆ.ಜಿ.ಎಫ್.ನ ಅಂಚಿನಲ್ಲಿ ಕೆಲಸ. ಭಾರ ಎತ್ತುವ ಸರಪಳಿಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆಗೆ ಎಂಬತ್ತರ ದಶಕದ ಆರಂಭದಲ್ಲಿ ನಾನು ತರಬೇತಿ ಅಧಿಕಾರಿಯಾಗಿ ಸೇರಿದೆ. ತತ್ತ್ವಶಾಸ್ತ್ರದ ಎಂ.ಎ. ಪದವೀಧರನಿಗೆ ಬೇರೆ ಏನು ಕೊಡಬೇಕೆಂದು ಅವರಿಗೂ ತೋಚಿರಲಿಕ್ಕಿಲ್ಲ. ಶನಿವಾರ ಊಟವಾದ ಮೇಲೆ ಕಾರ್ಮಿಕರನ್ನು ಕೂರಿಸಿಕೊಂಡು ನಡತೆಯ ನಿಯಮಗಳನ್ನು ಓದಿ ಹೇಳಬೇಕು: ಸುಳ್ಳು ಸಹಿ ಹಾಕಬಾರದು, ತಪಾಸಣೆ ಬಿಡಬಾರದು, ತಪ್ಪು ಕಂಡರೆ ಮುಚ್ಚಿಡಬಾರದು. ನನ್ನ ಪುಸ್ತಕದ ಕನ್ನಡ ಆಂಡರ್ಸನ್‌ಪೇಟೆಯ ತಮಿಳಿನವರಿಗೂ ಬೇತಮಂಗಲದ ಕಡೆಯ ರೈತರ ಮಕ್ಕಳಿಗೂ ಒಂದೇ ಸಮ ದೂರ. ಮೂರನೇ ನಿಯಮಕ್ಕೆ ಬರುವಷ್ಟರಲ್ಲಿ ಹಿಂದಿನ ಬೆಂಚು ಮಲಗಿರುತ್ತಿತ್ತು.

ಕೋಣೆಗೆ ಮರಳಿದರೆ ಮಾತಿಗೆ ಯಾರೂ ಇಲ್ಲ. ಭಾನುವಾರಗಳಲ್ಲಿ ಮೆಸ್ಸಿನವನಿಗೆ ‘ಇನ್ನೂ ಸ್ವಲ್ಪ ಸಾರು’ ಅಂದಿದ್ದೇ ಇಡೀ ದಿನದ ಮಾತಾಗಿರುತ್ತಿತ್ತು. ಹಾಗಾಗಿ, ಪಾಠಕ್ಕೆ ಜೀವ ತುಂಬಬೇಕೆಂಬ ನನ್ನ ಹಟದಲ್ಲಿ ಕರ್ತವ್ಯ ಎಷ್ಟಿತ್ತು, ಯಾರಾದರೂ ನನ್ನ ಕಡೆ ನೋಡಲಿ ಎಂಬ ಆಸೆ ಎಷ್ಟಿತ್ತು, ಈಗ ಬಿಡಿಸಿ ಹೇಳಲಾರೆ.

ಒಂದು ಶನಿವಾರ ಪುಸ್ತಕ ಮುಚ್ಚಿಟ್ಟೆ. ನಿಯಮ ಎಲ್ಲಿ ಮುರಿಯುತ್ತದೆ ಎಂದು ನೀವೇ ಆಡಿ ತೋರಿಸಿ, ಒಬ್ಬರ ಪಾತ್ರ ಇನ್ನೊಬ್ಬರು ಹಾಕಿ ಎಂದೆ. ಇಲ್ಲಿನ ಮಾತು ಈ ಕೋಣೆ ದಾಟುವುದಿಲ್ಲ ಎಂದೂ ಹೇಳಿದೆ. ಹೇಳಿದೆ ಎಂದೇ ನೆನಪು. ಹೇಳಿರದಿದ್ದರೆ ನನ್ನ ತಪ್ಪು ಚಿಕ್ಕದಾಗುತ್ತಿತ್ತು. ಆದ್ದರಿಂದ ಇದು ನನ್ನ ಅನುಕೂಲಕ್ಕೆ ಕಟ್ಟಿಕೊಂಡ ನೆನಪಾಗಿರಲಾರದು.

ಮೊದಲು ಎದ್ದವರು ಸರಪಳಿ ತಪಾಸಕರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸರಪಳಿಯನ್ನು ನೇತುಹಾಕಿ, ಕೊಂಡಿ ಕೊಂಡಿಯನ್ನೂ ಪುಟ್ಟ ಸುತ್ತಿಗೆಯಿಂದ ತಟ್ಟಿ ಆಲಿಸುವುದು ಅವರ ಕೆಲಸ. ಬಿರುಕು ಇದ್ದರೆ ಸದ್ದು ಮಂಕಾಗುತ್ತದೆ. ಆ ಕಿವಿ ಕಾರ್ಖಾನೆಯಲ್ಲಿ ಅವರೊಬ್ಬರದೇ. ತಟ್ಟಿ ನೋಡಿ ಸ್ಲಿಪ್ಪಿಗೆ ಅವರು ಸಹಿ ಹಾಕಿದ ಮೇಲಷ್ಟೇ ಸರಪಳಿ ಲಾರಿ ಹತ್ತಬೇಕು. ಅಂದಿನ ಆಟದಲ್ಲಿ ಅವರು ಲಾರಿ ಕಳಿಸುವ ಸೂಪರ್‌ವೈಸರ್ ಆದರು. ಒಬ್ಬ ವೆಲ್ಡರ್ ತಪಾಸಕನಾದ.

“ಮೊದ್ಲು ಸ್ಲಿಪ್ಪಿಗೆ ಸೈನ್ ಹಾಕ್ಲಾ. ಸರಪಳಿ ಎಲ್ಲೋಯ್ತದೆ?”

“ಇನ್ನೂ ತಟ್ಟಿ ನೋಡಿಲ್ಲ ಸಾರ್.”

“ನೀನು ತಟ್ಟಿ ಮುಗ್ಸಾ ಹೊತ್ಗೆ ಲಾರಿ ಮದ್ರಾಸ್ ಸೇರಿರ್ತದೆ. ಸಂಗೀತ ಕೇಳಾಕ್ ಬಂದಿದ್ದೀಯಾ ಇಲ್ಲಿ?”

ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಅವರು ನನ್ನ ಕಡೆ ತಿರುಗಿ, “ದಿನಾ ಇಂಗೇ ಮೇಷ್ಟ್ರೇ,” ಎಂದು ಕುಳಿತರು. ಅಂದು ಸಂಜೆ ಟೀ ಅಂಗಡಿಯ ಬೆಂಚಿನಲ್ಲಿ ಎಲ್ಲರೂ ಸರಿದು ನನಗೆ ಜಾಗ ಬಿಟ್ಟರು.

ತರಬೇತಿ ಹೇಗೆ ನಡೆದಿದೆ ಎಂದು ಮ್ಯಾನೇಜರು ವರದಿ ಕೇಳಿದಾಗ ನನ್ನ ಹೊಸ ವಿಧಾನದ ಬಗ್ಗೆ, ಆ ಶನಿವಾರದ ಆಟವನ್ನೂ ‘ದಿನಾ ಇಂಗೇ’ ಎಂಬ ಮಾತನ್ನೂ ಸೇರಿಸಿ, ಎರಡು ಪುಟ ಬರೆದೆ. ಹೆಸರು ಹಾಕಲಿಲ್ಲ, ‘ಹಿರಿಯ ತಪಾಸಕರೊಬ್ಬರು’ ಎಂದಷ್ಟೇ ಬರೆದೆ. ಇದ್ದದ್ದೇ ಒಬ್ಬ ತಪಾಸಕರು ಎಂಬುದು ಬರೆಯುವಾಗ ಹೊಳೆಯಲಿಲ್ಲ. ಹೊಳೆದಿತ್ತೇನೋ, ಆದರೆ ವರದಿ ಚೆನ್ನಾಗಿ ಬರುತ್ತಿತ್ತು.

ತಟ್ಟದೆ ಸಹಿ ಹಾಕಿದ ತಪ್ಪಿಗೆ ಅವರನ್ನು ಹಿಂದಿನ ಯಾರ್ಡಿಗೆ, ಹಳೆ ಕಬ್ಬಿಣಕ್ಕೆ ಚೀಟಿ ಕಟ್ಟುವ ಕೆಲಸಕ್ಕೆ ಹಾಕಿದರು. ಅವರ ತಪಾಸಣೆಯ ಬೆಂಚಿಗೆ ಆ ವೆಲ್ಡರನೇ ಬಂದ. ನಿಜವಾದ ಸೂಪರ್‌ವೈಸರ್ ಇದ್ದಲ್ಲೇ ಉಳಿದ. ತಪಾಸಣೆಗೆ ಮೊದಲು ಸ್ಲಿಪ್ ಕೊಡಕೂಡದೆಂದು ಮಾತ್ರ ಆದೇಶ ಬಂತು.

ಮುಂದಿನ ಶನಿವಾರ ಯಾರೂ ಮಲಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕುಳಿತು, ಕೇಳಿದ್ದಕ್ಕೆಲ್ಲ ಸರಿಯುತ್ತರ ಒಪ್ಪಿಸಿದರು. ಪಾತ್ರ ಹಾಕಲು ಕರೆದರೆ ಒಬ್ಬನೂ ಏಳಲಿಲ್ಲ. ಬಾಗಿಲಲ್ಲಿ ನಿಂತು ನೋಡಿದ ಮ್ಯಾನೇಜರು ಶಿಸ್ತನ್ನು ಮೆಚ್ಚಿಕೊಂಡರು. ಟೀ ಅಂಗಡಿಗೆ ನಾನು ಹೋದರೆ ಗ್ಲಾಸುಗಳು ಬೇಗ ಖಾಲಿಯಾಗುತ್ತಿದ್ದವು.

ಕೊನೆಗೆ ಯಾರ್ಡಿಗೆ ಹೋದೆ.

“ಆ ಕತೆ ನಾನೇ ಕಟ್ಟಿಕೊಟ್ಟದ್ದು ಅಂತ ಮ್ಯಾನೇಜರಿಗೆ ಬರೆದುಕೊಡ್ತೀನಿ. ನಿಮ್ಮನ್ನ ಬೆಂಚಿಗೆ ವಾಪಸ್ ಹಾಕಬಹುದು,” ಎಂದೆ.

“ಸುಳ್ಳು ಬರ್ಕೊಡ್ತೀರಾ ಮೇಷ್ಟ್ರೇ? ಅದ್ಕೂ ಒಂದ್ ಪಾಠ ಐತಾ?” ಅವರು ಚೀಟಿಯ ದಾರ ಬಿಗಿಯುತ್ತಲೇ ಇದ್ದರು. “ಈಗ ತಟ್ಟಿದ್ ಮ್ಯಾಕೆ ಸ್ಲಿಪ್ ಬತ್ತಾ ಐತಂತೆ. ನೀವು ಅದೆಲ್ಲ ಬರೀ ಕತೆ ಅಂದ್ರೆ ನಾಳೇನೇ ಮತ್ತೆ ಸ್ಲಿಪ್ಪೇ ಮೊದ್ಲು ಬತ್ತದೆ.”

“ಮತ್ತೆ ನೀವು?”

“ಇಲ್ಲಿ ಕೇಳಾದೇನೈತೆ. ಕಿವೀಗೆ ರಜಾ. ಬಿಡಿ, ಓಗಿ.”

‘ಬಿಡಿ, ಓಗಿ’ ಎಂದದ್ದು ನಿಜ. ಉಳಿದ ಮಾತು ಅವರದೋ, ಮ್ಯಾನೇಜರ ಬಾಗಿಲು ತಟ್ಟದಿರಲು ಒಂದು ಒಳ್ಳೆಯ ಕಾರಣ ಬೇಕಾಗಿ ನಾನೇ ವರ್ಷವರ್ಷವೂ ಅವರ ಬಾಯಲ್ಲಿ ಸೇರಿಸುತ್ತ ಬಂದದ್ದೋ, ಹೇಳಲಾರೆ. ನಾನು ಏನನ್ನೂ ಬರೆದುಕೊಡಲಿಲ್ಲ. ನಿವೃತ್ತಿಗೆ ಉಳಿದಿದ್ದ ಆ ಎರಡು ವರ್ಷವನ್ನೂ ಅವರು ಯಾರ್ಡಿನಲ್ಲೇ ಮುಗಿಸಿದರು.