ಎತ್ತದೇ ಬಿಟ್ಟ ಕಪ್ಪುಬಶಿ

ಬೆಳಿಗ್ಗೆಯಿಂದ ನನ್ನ ಟೀಪಾಯ್ ಮೇಲೆ ಒಂದು ಖಾಲಿ ಕಪ್ಪುಬಶಿ ಕೂತಿದೆ. ಬಶಿಯಲ್ಲಿ ಚಹಾದ ಕಂದು ಉಂಗುರ, ಕಪ್ಪಿನ ಅಂಚಿಗೆ ಅಂಟಿಕೊಂಡ ಒಂದು ಚೂರು ಶುಂಠಿ. ಶುಂಠಿ ಇದೆ ಎಂದ ಮೇಲೆ ಅದು ನನ್ನ ಕೈಯ ಚಹಾವೇ. ಕೆಳಗಿನ ಮನೆಯವರು ಏಲಕ್ಕಿ ಹಾಕುತ್ತಾರೆ. ಕುಡಿದವರು ಯಾರು ಎಂಬುದು ಮಾತ್ರ ನೆನಪಿಗೆ ಬರುತ್ತಿಲ್ಲ.

ಎತ್ತಿ ತೊಳೆದುಬಿಡಬಹುದಿತ್ತು. ಆದರೆ ಅತಿಥಿ ಕುಡಿದಿಟ್ಟ ಕಪ್ಪನ್ನು ಕೂಡಲೇ ಎತ್ತಬಾರದು ಎಂಬುದು ನನ್ನ ಮನೆಯ ರೂಲು. ಅದು ಹೇಗೆ ಬಂತು ಎಂದು ಹೇಳಬೇಕಾದರೆ ನಿಮ್ಮನ್ನು ಶಹಾಪುರಕ್ಕೆ ಕರೆದೊಯ್ಯಬೇಕು, ಅಲ್ಲಿಂದ ಇಂಗ್ಲೆಂಡಿಗೆ. ಬನ್ನಿ, ನಾಲ್ಕು ಗಂಟೆಯವರೆಗೆ ನನಗೂ ಬೇರೆ ಕೆಲಸವಿಲ್ಲ. ನಾಲ್ಕಕ್ಕೆ ಒಬ್ಬ ಡಾಕ್ಟರು ಬರುವವರಿದ್ದಾರೆ.

ನಾನೀಗ ಇರುವುದು ಯಾದಗಿರಿಯಲ್ಲಿ, ಸ್ಟೇಷನ್ ಹತ್ತಿರ, ನನ್ನ ಕಾಕಾನ ಮಗನ ಮನೆಯ ಮೇಲಿನ ಮಹಡಿಯಲ್ಲಿ. ಅದಕ್ಕೂ ಮುಂಚೆ ಬಹಳ ವರ್ಷ ಇಂಗ್ಲೆಂಡಿನ ಒಂದು ಮಳೆಯ ಊರಿನಲ್ಲಿ ಚಿಕ್ಕ ಮಕ್ಕಳ ಶಾಲೆಯ ಟೀಚರ್ ಆಗಿದ್ದೆ. ಅದಕ್ಕೂ ಮುಂಚೆ ಹೈದರಾಬಾದಿನ ಕಾನ್ವೆಂಟ್ ಹಾಸ್ಟೆಲ್ಲು. ಶಹಾಪುರದ ಕಿರಾಣಿ ಅಂಗಡಿಯವರು ಮಗಳನ್ನು ಅಷ್ಟು ದೂರ ಯಾಕೆ ಹಾಕಿದರೋ, ಅಪ್ಪನನ್ನು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಲ್ಲಿ ಸಿಸ್ಟರುಗಳಿಂದ ನಾನು ಬೆನ್ನು ನೆಟ್ಟಗಿಟ್ಟು ಕೂಡುವುದನ್ನು ಕಲಿತೆ, ಪ್ಲೀಸ್ ಅನ್ನದೆ ನೀರನ್ನೂ ಕೇಳದಿರುವುದನ್ನು ಕಲಿತೆ. ಸುಳ್ಳು ಹೇಳಲೇಬೇಕಾದರೆ ಶುದ್ಧ ಗ್ರಾಮರಿನಲ್ಲಿ ಹೇಳುವುದನ್ನು ಅವರು ಕಲಿಸಲಿಲ್ಲ, ಅದು ಸ್ವಂತ ಪ್ರತಿಭೆ.

ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಕುರ್ಚಿಯಲ್ಲಿ ಬೆನ್ನು ನೆಟ್ಟಗಿಟ್ಟು ಕೂಡುವುದೂ ಬರುತ್ತಿರಲಿಲ್ಲ. ಅವಳ ತವರು ಶಿರವಾಳ. ಆ ಊರಲ್ಲಿ ಯಾವ ಸಂದಿಗೆ ಹೋದರೂ ಒಂದು ಹಳೇ ಗುಡಿ ಎದುರಾಗುತ್ತದೆ, ಯಾವ ಮನೆಗೆ ಹೋದರೂ ಒಂದು ಕಪ್ಪು ಚಹಾ. ಮನೆಗೆ ಬಂದವರ ಕೈಗೆ ಚಹಾ ಹೋಗುವ ತನಕ ಕೆಲಸದ ಮಾತು ತೆಗೆಯಬಾರದು. ಬಂದವರು ‘ಬ್ಯಾಡ್ರಿ, ಈಗಷ್ಟ ಆಗ್ಯಾದ’ ಅನ್ನಬೇಕು. ಮನೆಯವರು ಅದನ್ನು ಕೇಳಿಸಿಕೊಳ್ಳಬಾರದು. ಇದು ಅವ್ವನ ಕಾನ್ವೆಂಟು. ಒಮ್ಮೆ ಅಪ್ಪನ ಮೇಲೆ ಜಗಳಕ್ಕೆಂದೇ ಬಂದ ಪಕ್ಕದ ಅಂಗಡಿಯವನಿಗೂ ಅವ್ವ ಮೊದಲು ಬಶಿಯ ತುಂಬ ಚಹಾ ಹಾಕಿ ಕೊಟ್ಟಿದ್ದಳು. ಪಾಪ, ತುಂಬಿದ ಬಶಿ ಕೈಯಲ್ಲಿದ್ದರೆ ಮನುಷ್ಯ ಎಷ್ಟು ಜೋರಾಗಿ ಕೂಗಾಡಿಯಾನು? ಕುಡಿದು ಮುಗಿಸುವಷ್ಟರಲ್ಲಿ ಅವನ ಸಿಟ್ಟು ಅರ್ಧ ಇಳಿದಿತ್ತು.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಅಪ್ಪ ಇರಲಿಲ್ಲ, ನನ್ನ ತಮ್ಮನೂ ತೀರಿಕೊಂಡಿದ್ದ. ಅವ್ವ ಶಹಾಪುರದಲ್ಲಿ ತಮ್ಮನ ಹೆಂಡತಿ ನೀಲಾಳ ಜೊತೆ ಇದ್ದಳು. ಅತ್ತೆ ಸೊಸೆ ಇಬ್ಬರೂ ಸೇರಿ ನನ್ನನ್ನು ಬೈದುಕೊಂಡು ಸುಖವಾಗಿದ್ದರು. ಅಷ್ಟರಲ್ಲಿ ಸುರಪುರದಲ್ಲಿ ನೀಲಾಳ ತಂದೆಗೆ ಲಕ್ವಾ ಹೊಡೆಯಿತು. ಅವರಿಗೆ ಇವಳೊಬ್ಬಳೇ ಮಗಳು, ನೋಡಿಕೊಳ್ಳಲು ಹೋಗಲೇಬೇಕು. ಇನ್ನು ಅವ್ವನನ್ನು ನಾನೇ ಇಂಗ್ಲೆಂಡಿಗೆ ಕರೆದೊಯ್ಯಬೇಕು.

ಹೇಳಿದಷ್ಟು ಸುಲಭವಲ್ಲ. ಆ ದೇಶಕ್ಕೆ ಹೆತ್ತವರನ್ನು ಕರೆದುಕೊಂಡು ಹೋಗಿ ಇಟ್ಟುಕೊಳ್ಳಬೇಕಾದರೆ ಅವರು ಮುದುಕರಾಗಿದ್ದರೆ ಸಾಲದು, ಕೈಲಾಗದವರಾಗಿರಬೇಕು. ಏಳುವುದು, ಸ್ನಾನ, ಅಡಿಗೆ ಯಾವುದೂ ಇನ್ನೊಬ್ಬರಿಲ್ಲದೆ ಆಗುವುದಿಲ್ಲ ಎಂದು ಡಾಕ್ಟರು ಬರೆದುಕೊಡಬೇಕು. ನಮ್ಮ ಅವ್ವನೋ, ಎಂಬತ್ತು ದಾಟಿದ ಮೇಲೂ ರೊಟ್ಟಿ ಬಡಿಯಲು ಕೂತರೆ ಸಪ್ಪಳ ಪಕ್ಕದ ಓಣಿಗೆ ಕೇಳುತ್ತಿತ್ತು. ಮೊಣಕಾಲು ನೋವೊಂದು ಬಿಟ್ಟರೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಹಾಗಾಗಿ ನಾನು ಮೂರು ವಾರದ ರಜೆ ಹಾಕಿ ಬಂದು, ಶಾಲೆಯ ಆ್ಯನುವಲ್ ಡೇಗೆ ಮಕ್ಕಳನ್ನು ತಯಾರು ಮಾಡಿದಂತೆ ಅವ್ವನಿಗೆ ರಿಹರ್ಸಲ್ ಶುರು ಮಾಡಿದೆ.

“ಅವ್ವಾ, ಡಾಕ್ಟರ್ ಬಂದು ಎದ್ದು ನಿಂದ್ರು ಅಂದ್ರ ಏನು ಮಾಡ್ತಿ?”

“ನಿಂದ್ರಾಕ ಬರಂಗಿಲ್ರೀ ಯಪ್ಪಾ ಅಂತೀನಿ.”

“ಶಾಬಾಸ್. ಜಳಕ ಯಾರು ಮಾಡಸ್ತಾರ ಅಂದ್ರ?”

“ನಾನ ಮಾಡಕೋತೀನಿ.”

“ಅವ್ವಾ!”

“ಮತ್ತೇನವಾ, ಜಳಕ ಮಾಡಾಕ ಬರಂಗಿಲ್ಲ ಅಂದ್ರ ಮುದುಕಿ ನಾರಾಕತ್ತ್ಯಾಳ ಅಂತ ಊರ ತುಂಬ ಸುದ್ದಿ ಆಗತದ. ಆ ಡಾಕ್ಟರ್ ಯಾರ ಮಗ?”

“ವಡಗೇರಾದವರ. ಆಗಳೇ ಹೇಳಿದ್ನಲ್ಲ.”

“ಹೌದೇನು? ವಡಗೇರಾದವರು ಛಲೋ ಮಂದಿ.”

ಈ ವಡಗೇರಾದ ಪ್ರಶ್ನೆಯನ್ನು ಅವಳು ಆ ವಾರ ಮತ್ತೆ ಮತ್ತೆ ಕೇಳಿದಳು. ನನ್ನನ್ನು ರೇಗಿಸುತ್ತಿದ್ದಾಳೆ ಅಂದುಕೊಂಡೆ. ಅವ್ವನಿಗೆ ಆ ಚಟ ಮೊದಲಿಂದಲೂ ಇತ್ತು.

ಬರಲು ಅವಳಿಗೆ ಮನಸ್ಸಿತ್ತೇ? ಇತ್ತು, ಇರಲಿಲ್ಲ. ಬಟ್ಟೆ ಏನು, ಊಟ ಏನು, ಚಳಿ ಎಷ್ಟು ಎಂದು ಏನನ್ನೂ ಕೇಳಲಿಲ್ಲ. ಕೇಳಿದ್ದು ಒಂದೇ: “ಅಲ್ಲಿ ಮನಿಗಿ ಮಂದಿ ಬರತಾರೇನು?” ಬರುತ್ತಾರೆ ಅಂದೆ. ನಮ್ಮ ಮನೆಗೆ ಬರುತ್ತಿದ್ದದ್ದು ಪೋಸ್ಟ್‌ಮನ್ ಒಬ್ಬ. ಅವನೂ ಬಾಗಿಲಿನ ಸೀಳಿನಲ್ಲಿ ಕಾಗದ ತೂರಿಸಿ ಹೋಗುವವನು. ಶುದ್ಧ ಗ್ರಾಮರಿನ ಸುಳ್ಳು ಎಂದೆನಲ್ಲ, ಇದು ಅದಕ್ಕೊಂದು ಉದಾಹರಣೆ. ಅವ್ವ ನನ್ನ ಮುಖ ನೋಡಿ, “ಆಗಲಿ ತಗೋ. ನಿನ್ನ ಸಲುವಾಗಿ ಒಂದು ತಾಸು ಕುಂಟಿ ಆಗತೀನಿ” ಅಂದಳು.

ಡಾಕ್ಟರು ಬಂದರು. ನಲವತ್ತರ ಆಸುಪಾಸಿನ, ತಗ್ಗಿದ ದನಿಯ ಮನುಷ್ಯ. ಅವ್ವನನ್ನು ದಿವಾನದ ಮೇಲೆ ಕಾಲು ಚಾಚಿಸಿ, ದಿಂಬು ಕೊಟ್ಟು, ಮೇಲೊಂದು ಶಾಲು ಹೊದಿಸಿ ಕೂರಿಸಿದ್ದೆ. ನೀಲಾಳಿಗೆ, ‘ಮೊದಲು ಚೆಕಪ್, ಆಮೇಲೆ ಚಹಾ’ ಎಂದು ತಾಕೀತು ಮಾಡಿದ್ದೆ. ಇಂಗ್ಲೆಂಡಿನಲ್ಲಿ ಎಲ್ಲ ಕೆಲಸಕ್ಕೂ ಒಂದು ಆರ್ಡರ್ ಇರುತ್ತದೆ ನೋಡಿ. ಡಾಕ್ಟರು ಕುರ್ಚಿ ಎಳೆದುಕೊಂಡು ಅವ್ವನ ಮೊಣಕಾಲಿನ ಬಗ್ಗೆ ಕೇಳತೊಡಗಿದರು. ಅವ್ವ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಒಂದೆರಡು ಉತ್ತರ ಕೊಟ್ಟಳು. ಆದರೆ ಕಣ್ಣು ಡಾಕ್ಟರ ಖಾಲಿ ಕೈಯ ಮೇಲೆ. ಆಮೇಲೆ ಅಡಿಗೆಮನೆಯ ಬಾಗಿಲ ಮೇಲೆ. ಆಮೇಲೆ ನನ್ನ ಮೇಲೆ.

“ಏ ಹುಚ್ಚಿ, ಸಾಹೇಬ್ರು ಒಣ ಬಾಯಿಲೆ ಕುಂತಾರಲ್ಲ!”

ಶಾಲು ಕೊಡವಿ ಎದ್ದೇಬಿಟ್ಟಳು. ಗೋಡೆ ಹಿಡಿಯಲಿಲ್ಲ, ಕೋಲು ಮುಟ್ಟಲಿಲ್ಲ. ಮೂರು ವಾರದ ರಜೆ, ವಿಮಾನದ ಟಿಕೆಟ್ಟು, ನನ್ನ ರಿಹರ್ಸಲ್ಲು ಎಲ್ಲವೂ ಅವಳ ಹಿಂದೆಯೇ ಅಡಿಗೆಮನೆಗೆ ಹೋದವು. ನಾನು ಡಾಕ್ಟರ ಮುಖ ನೋಡಲಾರದೆ ಸೀಲಿಂಗ್ ಫ್ಯಾನ್ ನೋಡಿದೆ.

ಚಹಾ ಬಂತು. “ಬ್ಯಾಡ್ರಿ ಯವ್ವಾ, ಈಗಷ್ಟ ಆಗ್ಯಾದ” ಅಂದರು ಡಾಕ್ಟರು. ಅವ್ವ ಕೇಳಿಸಿಕೊಳ್ಳಲಿಲ್ಲ. ಅವರು ಬಶಿಗೆ ಹಾಕಿಕೊಂಡು ಕುಡಿದರು. ಅವ್ವ ಕಪ್ಪು ಒಯ್ದು ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ದಿವಾನದ ಮೇಲೆ ಕೂತಳು. ಎದುರಿಗಿದ್ದವರನ್ನು ಕಂಡು ಮುಖ ಅರಳಿತು.

“ಅಯ್ಯ, ಯಾವಾಗ ಬಂದ್ರಿ? ಇವರು ಚಹಾನೂ ಕೊಟ್ಟಿಲ್ಲೇನು ನಿಮಗ?”

ಇದು ನಾಟಕ ಅಂದುಕೊಂಡೆ. ಹಾಳಾದ ಪಾತ್ರವನ್ನು ಸರಿಮಾಡಲು ಹೊಸದೊಂದು ಹೂಡಿದ್ದಾಳೆ, ಸ್ವಲ್ಪ ಓವರ್‌ಆ್ಯಕ್ಟಿಂಗ್ ಆಯಿತು ಅಂತಲೂ ಅನ್ನಿಸಿತು. ‘ಅವ್ವಾ, ಈಗ ತಾನೇ’ ಎಂದು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಕೈ ಎತ್ತಿ ನನ್ನನ್ನು ತಡೆದರು. ಎರಡನೆಯ ಚಹಾ ಬಂತು. “ಬ್ಯಾಡ್ರಿ ಯವ್ವಾ” ಅಂದು, ಅದನ್ನೂ ಪೂರ್ತಿ ಕುಡಿದರು. ಅವ್ವ ತೊಳೆದಿಟ್ಟು ಬಂದು ಕೂತಳು. ಮತ್ತೆ ಅದೇ ಅರಳಿದ ಮುಖ.

“ಯಾವಾಗ ಬಂದ್ರಿ?”

ಈ ಸಲ ಅವಳು ಒಳಗೆ ಹೋದಾಗ ನಾನೂ ಹಿಂದೆಯೇ ಹೋದೆ. ಗ್ಯಾಸಿನ ಒಲೆ ಉರಿಯುತ್ತಿತ್ತು, ಮೇಲೆ ಪಾತ್ರೆ ಇರಲಿಲ್ಲ. ಅವ್ವ ಸಕ್ಕರೆ ಡಬ್ಬಿ ಕೈಯಲ್ಲಿ ಹಿಡಿದು, ತಾನು ಇಲ್ಲಿಗೆ ಯಾತಕ್ಕೆ ಬಂದೆ ಎಂದು ಯೋಚಿಸುವವಳ ಹಾಗೆ ನಿಂತಿದ್ದಳು. ನೀಲಾ ಅವಳ ಹಿಂದಿನಿಂದ ಕೈ ಚಾಚಿ ಒಲೆ ಆರಿಸಿ, ಡಬ್ಬಿ ಇಸಿದುಕೊಂಡು, ತಾನೇ ಚಹಾಕ್ಕೆ ಇಟ್ಟಳು. ಗಡಿಬಿಡಿ ಇಲ್ಲ, ಗಾಬರಿ ಇಲ್ಲ. ದಿನಾ ಮಾಡುವ ಕೆಲಸವನ್ನು ಮಾಡುವ ಕೈ ಅದು.

“ಯಾವಾಗಿಂದ ಹಿಂಗ?” ಅಂದೆ.

“ಹೋದ ದೀಪಾವಳಿಯಿಂದ ಭಾಳ ಆಗ್ಯಾದ್ರಿ ಅಕ್ಕಾ” ಅಂದಳು ನೀಲಾ. “ಫೋನಿನ್ಯಾಗ ನಿಮ್ಮ ಕೂಡ ಛಲೋ ಮಾತಾಡತಾರ. ಇಟ್ಟ ಮ್ಯಾಲ, ಮಗಳು ಈ ಸಲ ಫೋನ ಮಾಡಲೇ ಇಲ್ಲ ನೋಡು ಅಂತಾರ. ಅದನ್ನ ನಿಮಗ ಹ್ಯಾಂಗ ಹೇಳಲಿ?”

ಡಾಕ್ಟರು ಮೂರನೆಯ ಚಹಾವನ್ನೂ ಕುಡಿದರು. ತಂದ ಬ್ಯಾಗನ್ನು ತೆರೆಯಲೇ ಇಲ್ಲ. ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು, “ಮೇಡಂ, ನಿಮ್ಮ ತಾಯಿಗಿ ಏಳಾಕ ಬರಂಗಿಲ್ಲ ಅಂದಿದ್ರಿ. ಭೇಷ್ ಏಳತಾರ. ಎದ್ದಿದ್ದು ನೆನಪಿರಂಗಿಲ್ಲ ಅಷ್ಟ. ನಾ ಖರೇನ ಬರೀತೀನಿ. ಅದ ಸಾಕಾಗತದ” ಅಂದರು.

ಅವರು ಸಾಕಾಗುತ್ತದೆ ಅಂದದ್ದು ಸರಿಯಾಯಿತು. ಮುಂದೆ ಅಲ್ಲಿ ಇಲ್ಲಿ ಇನ್ನಷ್ಟು ಪರೀಕ್ಷೆಗಳಾಗಿ, ಕೊನೆಗೆ ಅನುಮತಿಯೂ ಸಿಕ್ಕಿತು. ಆದರೆ ನನ್ನ ತಲೆಯಲ್ಲಿ ಉಳಿದದ್ದು ಆ ದಿನದ ಸಂಜೆ. ದೀಪ ಹಚ್ಚಿ ಒಳಗೆ ಬಂದರೆ ಅವ್ವ ದಿವಾನದ ಮೇಲೆ ಕಾಲು ಚಾಚಿ, ತಾನೇ ಶಾಲು ಹೊದ್ದು, ಮುಖ ಸಣ್ಣ ಮಾಡಿಕೊಂಡು ಕೂತಿದ್ದಾಳೆ.

“ಎಷ್ಟೊತ್ತಿಗಿ ಬರತಾನವಾ ನಿನ್ನ ಡಾಕ್ಟರ್? ನಾ ಅವಾಗಿಂದ ಕುಂಟಿ ಆಗಿ ಕುಂತೀನಿ.”

ನಾನು ಅಷ್ಟು ದಿನ ಕಲಿಸಲು ಹೆಣಗಿದ್ದು ಅವಳಲ್ಲಿ ಆಗಲೇ ಇತ್ತು. ಕಾಲಿನಲ್ಲಲ್ಲ, ಬೇರೆ ಜಾಗದಲ್ಲಿತ್ತು.

ಇಂಗ್ಲೆಂಡಿನಲ್ಲಿ ಮಂದಿ ಬರುತ್ತಾರೆ ಎಂದು ಹೇಳಿ ಕರೆತಂದಿದ್ದೆನಲ್ಲ, ಈಗ ಮಂದಿಯನ್ನು ತರಬೇಕಾಯಿತು. ಪಕ್ಕದ ಮನೆಯಲ್ಲಿ ಒಬ್ಬ ವಿಧವೆ ಇದ್ದಳು, ಅವ್ವನಿಗಿಂತ ಸ್ವಲ್ಪ ಸಣ್ಣವಳು. ಅಷ್ಟು ವರ್ಷ ಬೇಲಿಯ ಆ ಕಡೆಯಿಂದ ಹವಾಮಾನದ ಬಗ್ಗೆ ಎರಡು ಮಾತಾಡಿದ್ದು ಬಿಟ್ಟರೆ ನಮಗೆ ಬಳಕೆಯಿರಲಿಲ್ಲ. ನಾಚಿಕೆ ಬಿಟ್ಟು ಹೋಗಿ, ದಿನಾ ಒಮ್ಮೆ ನಮ್ಮ ಮನೆಗೆ ಚಹಾಕ್ಕೆ ಬರುತ್ತೀರಾ, ಪ್ಲೀಸ್, ಅಂದೆ. ಬಂದಳು. ಅವ್ವನಿಗೆ ಅವಳ ಭಾಷೆ ಬಾರದು, ಅವಳಿಗೆ ಇವಳದು ಬಾರದು. ‘ಬರ್ರಿ ಬರ್ರಿ, ಯಾವಾಗ ಬಂದ್ರಿ’ ಎಂದು ಅವ್ವ ಎರಡೂ ಕೈ ಹಿಡಿದು ಕೂರಿಸುವಳು. ಐದು ನಿಮಿಷ ಬಿಟ್ಟು ಮತ್ತೆ ಅಷ್ಟೇ ಸಂತೋಷದಿಂದ ‘ಯಾವಾಗ ಬಂದ್ರಿ’. ತನ್ನನ್ನು ನೋಡಿ ಇಷ್ಟು ಖುಷಿಪಡುವವರು ಈ ಊರಲ್ಲಿ ಬೇರೆ ಯಾರೂ ಇಲ್ಲ ಎಂದು ಆಕೆ ನನ್ನ ಹತ್ತಿರ ಹೇಳಿದ್ದುಂಟು. ತೊಂದರೆ ಒಂದೇ, ಚಹಾ. ಆ ಹೆಂಗಸಿನ ಹೊಟ್ಟೆಗೂ ಒಂದು ಮಿತಿ ಇತ್ತು.

ಆಗ ಮಾಡಿದ್ದು ಈ ರೂಲು. ಕುಡಿದ ಕಪ್ಪನ್ನು ಎತ್ತಬಾರದು, ಅತಿಥಿಯ ಎದುರಿಗೇ ಇರಬೇಕು. ಅವ್ವ ಏಳಲು ಹೋಗುವಳು, ಖಾಲಿ ಕಪ್ಪು ಕಾಣುವಳು, “ಆಗ್ಯಾದಲ್ಲ” ಎಂದು ನಿರಾಳವಾಗಿ ಕೂಡುವಳು. ನಮ್ಮ ಮನೆಗೆ ಬಂದ ಬೇರೆ ಇಂಗ್ಲಿಷರು, ಇವರಲ್ಲಿ ಎಂಜಲು ಪಾತ್ರೆ ಎತ್ತುವ ಪದ್ಧತಿ ಇಲ್ಲವೇನೋ ಅಂದುಕೊಂಡಿರಬಹುದು. ಅಂದುಕೊಳ್ಳಲಿ. ಹೀಗೆ ನಾಲ್ಕು ವರ್ಷ ನಡೆಯಿತು. ಕೊನೆಯಲ್ಲಿ ಅವ್ವ ನನ್ನನ್ನೂ ‘ಯಾವಾಗ ಬಂದ್ರಿ’ ಎಂದು ಬಹುವಚನದಲ್ಲಿ ಕೇಳುತ್ತಿದ್ದಳು. ನಾನು ‘ಈಗಷ್ಟ ಬಂದೆನ್ರಿ’ ಅನ್ನುತ್ತಿದ್ದೆ. ಅವಳನ್ನು ಅಲ್ಲಿಯೇ ಮಣ್ಣು ಮಾಡಿದೆವು. ನನ್ನವರು ಅದಕ್ಕೂ ಮುಂಚೆಯೇ ಹೋಗಿದ್ದರು. ರಿಟೈರ್ ಆಗಿದ್ದೆ, ಮಗಳಿಗೆ ಅವಳ ಸಂಸಾರ ಇತ್ತು. ನಾನು ಈ ಕಡೆ ಬಂದುಬಿಟ್ಟೆ.

ಈಗ ಆ ಮಗಳು ಕರೆಯುತ್ತಿದ್ದಾಳೆ. ನನಗೆ ಯಾರ ಅನುಮತಿಯೂ ಬೇಕಿಲ್ಲ, ಅಲ್ಲಿಯ ಪಾಸ್‌ಪೋರ್ಟ್ ನನ್ನ ಟ್ರಂಕಿನಲ್ಲಿಯೇ ಇದೆ. ಬೇಕಿರುವುದು ನನ್ನ ಮನಸ್ಸು. ನನಗೆ ಈ ಮಹಡಿ ಇಷ್ಟ, ರೈಲಿನ ಸದ್ದು ಇಷ್ಟ, ನನ್ನ ಒಲೆ ನಾನೇ ಹಚ್ಚುವುದು ಇಷ್ಟ. ಕೈಲಾಗದ ದಿನ ಬರುತ್ತೇನೆ, ಅಲ್ಲಿಯವರೆಗೆ ಕೇಳಬೇಡ ಅಂದಿದ್ದೆ. ಆ ದಿನ ಬಂದಿದೆಯೋ ಇಲ್ಲವೋ ಡಾಕ್ಟರು ನೋಡಿ ಹೇಳಲಿ ಅಂದಳು. ಒಪ್ಪಿದೆ. ನಾಲ್ಕು ಗಂಟೆಯ ಡಾಕ್ಟರು ಅದಕ್ಕೆ ಬರುವವರು. “ಮಮ್ಮೀ, ಜಸ್ಟ್ ಬಿ ನ್ಯಾಚುರಲ್” ಎಂದು ಫೋನಿನಲ್ಲಿ ಹೇಳಿದ್ದಾಳೆ. ನಾನು ಬೆನ್ನು ನೆಟ್ಟಗಿಟ್ಟು ಕೂತು ಕೇಳಿಸಿಕೊಂಡೆ.

ಇಲ್ಲಿಯವರೆಗೆ ಬರೆದು, ಎದ್ದು ಮಹಡಿಯ ಮೆಟ್ಟಿಲಿಂದ ಕೂಗಿದೆ. ಕಾಕಾನ ಮಗನ ಸೊಸೆ ಸುಶೀಲಾ ಕೆಳಗಿನಿಂದ ತಲೆ ಎತ್ತಿದಳು.

“ಸುಶೀಲಾ, ಮುಂಜಾನೆ ನನ್ನ ಮನಿಗಿ ಯಾರು ಬಂದಿದ್ರು?”

“ನಾನ ಬಂದಿದ್ನಲ್ರೀ ಅತ್ತಿ! ನೀವ ಕರದು, ಕೂಡ್ರಿಸಿ, ಚಹಾ ಮಾಡಿ ಕೊಟ್ರಲ್ಲ. ತಾಸು ಮಾತಾಡಿದ್ವಿ.”

“ಹೌದಲ್ಲ” ಅಂದೆ. ಗ್ರಾಮರ್ ಶುದ್ಧವಾಗಿತ್ತು.

ಮೂರೂವರೆ ಆಗಿದೆ. ಟೀಪಾಯ್ ಮುಂದೆ ಕೂತು ಆ ಕಪ್ಪುಬಶಿಯನ್ನು ನೋಡಿದೆ. ಡಾಕ್ಟರಿಗೆ ಒಮ್ಮೆ ಚಹಾ ಕೊಟ್ಟು, ಕಪ್ಪನ್ನು ಅವರ ಎದುರಿಗೇ ಬಿಟ್ಟರೆ, ನಾನು ಎಂಥ ಪರೀಕ್ಷೆಯಲ್ಲಾದರೂ ಪಾಸಾಗಬಲ್ಲೆ. ನನ್ನದೇ ರೂಲು, ಹೇಗೆ ಕೆಲಸ ಮಾಡುತ್ತದೆಂದು ನನಗೆ ಗೊತ್ತು. ಬೆಳಗಿನ ಕಪ್ಪನ್ನು ಎತ್ತಿ ತೊಳೆದೆ. ಒರೆಸಿ, ಬೀರುವಿನಲ್ಲಿಟ್ಟು, ಬಾಗಿಲು ಹಾಕಿದೆ. ಡಾಕ್ಟರು ಕುಡಿದ ಕಪ್ಪನ್ನೂ ಹೀಗೆಯೇ ಎತ್ತುತ್ತೇನೆ. ಟೀಪಾಯ್ ಬರಿದಾಗಿರಲಿ, ಈ ಡಾಕ್ಟರೂ ಇದ್ದದ್ದನ್ನೇ ಬರೆಯಲಿ.

ಮತ್ತೆ ಮೆಟ್ಟಿಲಿಗೆ ಹೋದೆ.

“ಸುಶೀಲಾ, ಡಾಕ್ಟರು ಬಂದ್ರ ಮ್ಯಾಲ ಕಳಸೂಕಿಂತ ಮೊದಲು ಒಂದು ಮಾತು ಹೇಳಿಬಿಡು. ಈ ಮುದುಕಿ ಎಷ್ಟು ಸಲ ಚಹಾ ಕೊಟ್ರೂ ಕುಡೀಬೇಕು. ಆಗ್ಯಾದ ಅಂತ ನನಗ ನೆನಪು ಮಾಡಿ ಕೊಡಬಾರದು.”