ಜಗಳವಿದ್ದವರು ಕೆರೆಗೆ ಇಳಿಯುವಂತಿಲ್ಲ

ಕೋಲಾರದ ನಮ್ಮ ಮನೆಯ ಮಹಡಿ ಬಾಡಿಗೆಗೆ ಕೇಳಿಕೊಂಡು ಬಂದವರಲ್ಲಿ ಅರ್ಧ ಜನ ನನ್ನ ಪ್ರಶ್ನೆಗಳಿಗೇ ಹೆದರಿ ಹೋಗಿಬಿಡುತ್ತಾರೆ. ನಲ್ಲಿ ಸರಿಯಾಗಿ ನಿಲ್ಲಿಸುತ್ತೀರಾ, ಗ್ಯಾಸ್ ಆರಿಸುತ್ತೀರಾ, ಬಾಗಿಲು ಧಡಾರನೆ ಹಾಕುತ್ತೀರಾ. ಇಥಿಯೋಪಿಯಾದಿಂದ ರಾಗಿಯ ಮೇಲೆ ಸಂಶೋಧನೆ ಮಾಡಲು ಬಂದ ಯುವಕನೊಬ್ಬ ಮಾತ್ರ ಎಲ್ಲಕ್ಕೂ ಇಲ್ಲಿ ಕಲಿತ ಕನ್ನಡದಲ್ಲೇ ಸಮಾಧಾನವಾಗಿ ಉತ್ತರ ಕೊಟ್ಟು, "ಅಂಕಲ್, ನಿಮ್ಮ ರಾಗಿ ನಮ್ಮ ಕಡೆಯಿಂದಾನೇ ಬಂದಿದ್ದು," ಎಂದ.

"ಹಂಗಾದ್ರೆ ಮುದ್ದೆ ನುಂಗಕ್ಕೆ ಬರುತ್ತಾ?" ಎಂದು ಕೇಳಿದಳು ನನ್ನ ಹೆಂಡತಿ.

ಬರಲಿಲ್ಲ. ಅಗಿದ. ಆ ಕಾರಣಕ್ಕೆ ಅವಳು ಇವತ್ತಿಗೂ ಅವನನ್ನು ಪೂರ್ತಿ ನಂಬಿಲ್ಲ.

ಅವನು ಒರೊಮೊ ಜನಾಂಗದವನು. ಅವರ ದೇಶದಲ್ಲಿ ಅವರದೇ ದೊಡ್ಡ ಸಂಖ್ಯೆ. ಆದರೂ ಒಂದು ಕಾಲಕ್ಕೆ ಅವರ ಭಾಷೆಗೆ ಶಾಲೆಯೊಳಗೆ ಜಾಗವಿರಲಿಲ್ಲವಂತೆ. ಅದಕ್ಕಾಗಿ, ನೆಲಕ್ಕಾಗಿ, ತಮ್ಮನ್ನು ತಾವೇ ಆಳಿಕೊಳ್ಳುವುದಕ್ಕಾಗಿ ಹೋರಾಟ ಶುರುವಾಯಿತು. ಹೋರಾಟ ಅಂದ ಮೇಲೆ ಒಡೆಯಿತು. ಪೂರ್ತಿ ಬೇರೆ ದೇಶವೇ ಬೇಕು ಎನ್ನುವವರು ಒಂದು ಕಡೆ, ಇರುವ ದೇಶದಲ್ಲೇ ಓಟು ಹಾಕಿ ಹಕ್ಕು ಪಡೆಯೋಣ ಎನ್ನುವವರು ಇನ್ನೊಂದು ಕಡೆ. ನಮ್ಮ ಬಾಡಿಗೆದಾರ ಎರಡನೆಯ ಪೈಕಿ. ಅವನ ಜೊತೆ ಒಂದೇ ಬೀದಿಯಲ್ಲಿ ಬೆಳೆದು, ಒಂದೇ ವಿಮಾನದಲ್ಲಿ ಬಂದು, ಮಾಲೂರಿನಲ್ಲಿದ್ದುಕೊಂಡು ಓದುತ್ತಿದ್ದ ಗೆಳೆಯ ಮೊದಲನೆಯ ಪೈಕಿ. ಇಬ್ಬರಿಗೂ ಮಾತು ನಿಂತು ಬಹಳ ದಿನವಾಗಿತ್ತು. ಈಗ ಆ ಗೆಳೆಯ ಓದು ಮುಗಿಸಿ ಊರಿಗೆ ಹೊರಟಿದ್ದ.

"ಅಲ್ಲಿಗೆ ಹೋದ್ಮೇಲೆ ಏನಾಗುತ್ತೋ ಗೊತ್ತಿಲ್ಲ ಅಂಕಲ್. ಹಿಂಗೇ ಹೋಗ್ಬಿಟ್ರೆ ನಾನು ತಡ್ಕೊಳಲ್ಲ," ಎಂದ ಬಾಡಿಗೆದಾರ.

ಅವರಲ್ಲಿ ಮಳೆಗಾಲ ಮುಗಿದಾಗ ಇರ್ರೀಚಾ ಎಂಬ ಹಬ್ಬ. ಹಸಿ ಹುಲ್ಲು ಹಿಡಿದು ಕೆರೆಗೋ ಹೊಳೆಗೋ ಹೋಗಿ, ಹುಲ್ಲನ್ನು ನೀರಿಗೆ ಅದ್ದಿ ದೇವರಿಗೆ ಕೃತಜ್ಞತೆ ಹೇಳುವುದು. ಮನಸ್ಸಿನಲ್ಲಿ ಜಗಳ ಇಟ್ಟುಕೊಂಡವರು ನೀರಿಗೆ ಇಳಿಯುವಂತಿಲ್ಲ, ಮೊದಲು ರಾಜಿಯಾಗಬೇಕು. ಗೆಳೆಯ ಹೊರಡುವ ಮುಂಚೆ, ಇಲ್ಲಿ ಓದುತ್ತಿರುವ ಇಬ್ಬರ ಕಡೆಯ ಹುಡುಗರೂ ಸೇರಿ, ಹೋಳೂರಿನ ಹತ್ತಿರದ ನಮ್ಮೂರ ಕೆರೆಯಲ್ಲಿ ಹಬ್ಬ ಮಾಡಬೇಕೆಂಬುದು ಇವನ ಆಸೆ. ರಾಜಿ ಮಾಡಿಸುವ ಹಿರಿಯ ನಾನು.

ನನ್ನ ಅರ್ಹತೆ ಹೇಳಬೇಕಲ್ಲ. ನಮ್ಮೂರಿನಲ್ಲಿ ಕೆರೆ ಉಳಿಸಿ ಸಮಿತಿ ಎರಡಿವೆ. ಒಂದಕ್ಕೆ ನಾನು ಅಧ್ಯಕ್ಷ, ಇನ್ನೊಂದಕ್ಕೆ ನನ್ನ ಷಡ್ಡಕ, ಅಂದರೆ ನನ್ನ ನಾದಿನಿಯ ಗಂಡ. ಕೆರೆ ಒಂದೇ, ಬೇಡಿಕೆ ಒಂದೇ, ಹೆಂಡತಿಯರ ತವರೂ ಒಂದೇ. ಒಡೆದದ್ದು ಫ್ಲೆಕ್ಸ್‌ನಲ್ಲಿ ಯಾರ ಫೋಟೋ ದೊಡ್ಡದು ಎಂಬ ತಾತ್ವಿಕ ಪ್ರಶ್ನೆಯ ಮೇಲೆ. ಇದನ್ನು ಬಾಡಿಗೆದಾರನಿಗೆ ಹೇಳಿರಲಿಲ್ಲ.

ಭಾನುವಾರ ಮಧ್ಯಾಹ್ನ ಎರಡೂ ಕಡೆಯವರು ನಮ್ಮ ಮಹಡಿಯ ಮೇಲೆ ಸೇರಿದರು. ಬಾಡಿಗೆದಾರ ತಮ್ಮ ಕಡೆಯ ಪದ್ಧತಿಯಂತೆ ಕಾಫಿ ಬೀಜವನ್ನು ಎಲ್ಲರೆದುರು ಅಲ್ಲೇ ಹುರಿದ. ಹೊಗೆ ನೋಡಿ ಪಕ್ಕದ ಮನೆಯವರು ಫೈರ್ ಇಂಜಿನ್ ಕರೆಸುತ್ತಾರೇನೋ ಎಂದು ನಾನು ಬೆವರಿದೆ. ನನಗೂ ತಿಳಿಯಲೆಂದು ಕನ್ನಡದಲ್ಲೇ ನಡೆದ ತತ್ವಗಳ ಮಾತು ಕಾಫಿ ಆರುವುದರೊಳಗೆ ಮುಗಿಯಿತು. ನೆಲ ಉಳುವವರದಾಗಿರಬೇಕು, ಒಪ್ಪಿಗೆ. ಮಕ್ಕಳು ಸ್ವಂತ ಮಾತಿನಲ್ಲಿ ಓದಬೇಕು, ಒಪ್ಪಿಗೆ. ಬೇರೆ ಅಭಿಪ್ರಾಯದವನ ಮೇಲೆ ಕೈ ಎತ್ತಬಾರದು, ಒಪ್ಪಿಗೆ. ಅವರ ಹಳೆಯ ಕಟ್ಟಳೆಯಂತೆ ನಾಯಕ ಎಂಟು ವರ್ಷಕ್ಕೆ ಕುರ್ಚಿ ಬಿಟ್ಟು ಏಳಬೇಕು, ಅದಕ್ಕೂ ಒಪ್ಪಿಗೆ. ಇಲ್ಲಿ ನನಗೆ ಕೆಮ್ಮು ಬಂತು. ನಮ್ಮ ಎರಡೂ ಸಮಿತಿಗಳಲ್ಲಿ ಅಧ್ಯಕ್ಷರು ಕುರ್ಚಿ ಬಿಟ್ಟು ಏಳುವುದು ರಾಷ್ಟ್ರಗೀತೆಗೆ ಮಾತ್ರ.

ಆಮೇಲೆ ಬಾವುಟದ ಮಾತು ಬಂತು. ಇವರದು ಒಂದು, ಅವರದು ಇನ್ನೊಂದು. ಕೆರೆಯ ಮೇಲೆ ಹಾರುವುದು ಯಾವುದು? ಸಂಜೆಯಾಯಿತು. ಮಾಲೂರಿನ ಗೆಳೆಯ ಎದ್ದು ಚಪ್ಪಲಿ ಹಾಕಿಕೊಂಡ. ಬಾಡಿಗೆದಾರ ನನ್ನ ಮುಖ ನೋಡಿದ.

ನನ್ನ ತಲೆಯಲ್ಲಿ ಆಗ ಇದ್ದದ್ದು ಪೊಲೀಸ್ ಜೀಪು ಮಾತ್ರ. ಪರದೇಶದವರು, ಗುರುತು ಹತ್ತದ ಬಾವುಟ, ನನ್ನ ಊರು, ನನ್ನ ಹೆಸರು. "ನಮ್ಮ ಕೆರೇಲಿ ಯಾವ ಬಾವುಟಾನೂ ಬೇಡ!" ಎಂದು ಕಿರುಚಿಬಿಟ್ಟೆ. "ಹುಲ್ಲು ಹಿಡ್ಕೊಳ್ಳಿ, ಸಾಕು. ಇಲ್ಲಾಂದ್ರೆ ಮಹಡಿ ಖಾಲಿ ಮಾಡಿ!"

ಮಾಲೂರಿನವನು ತಮ್ಮ ಭಾಷೆಯಲ್ಲಿ ಏನೋ ಅಂದ. ಬಾಡಿಗೆದಾರ ನಕ್ಕುಬಿಟ್ಟ. ಬಹಳ ದಿನಗಳ ಮೇಲೆ ಅವರಿಬ್ಬರ ನಡುವೆ ಆದ, ವಾದವಲ್ಲದ ಮೊದಲ ಮಾತು ಅದು.

"ಏನಂದ?"

"ಈ ಮನೆ ಓನರ್ ತುಂಬಾ ಪುಕ್ಕಲ ಅಂತ. ಅದಕ್ಕೆ ನಾವೆಲ್ರೂ ಒಪ್ಪಿದ್ವಿ ಅಂಕಲ್."

ಗೆಳೆಯ ಚಪ್ಪಲಿ ಬಿಚ್ಚಿ ಮತ್ತೆ ಕೂತ. ಬಾವುಟವಿಲ್ಲದ ಹಬ್ಬ ಗಟ್ಟಿಯಾಯಿತು. ನನ್ನ ಹೆದರಿಕೆಗೆ ಹಿರಿಯರ ತೀರ್ಪೆಂದು ಹೆಸರಾಯಿತು.

ಹಬ್ಬದ ಬೆಳಗ್ಗೆ ಎಲ್ಲರೂ ಬಿಳಿ ಬಟ್ಟೆ ಉಟ್ಟು ಕೆರೆಯ ಏರಿಯ ಮೇಲೆ ನಿಂತರು. ಹಿರಿಯ ಮುಂದೆ ಇಳಿಯಬೇಕೆಂದು ನನ್ನ ಕೈಗೂ ಹಿಡಿ ಹುಲ್ಲು ಕೊಟ್ಟರು. ಅಷ್ಟರಲ್ಲಿ ಷಡ್ಡಕ ಬಂದ, ಹಸು ಹಿಡಿದುಕೊಂಡು. ಹಸು ಮೇಯಿಸಲು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದವನನ್ನು ನಾನು ನೋಡಿದ್ದು ಅದೇ ಮೊದಲು.

ಬಂದವನು ಹಸುವಿನ ಕಡೆ ತಿರುಗಿಕೊಂಡು ಹೇಳಿದ: "ಏಮಿರಾ, ಫಾರಿನ್ನೋರ್ನ ಕರ್ಕೊಂಬಂದವ್ನೆ, ಒಂದ್ ಫ್ಲೆಕ್ಸೂ ಹಾಕ್ಸಿಲ್ಲ ಈ ಅಧ್ಯಕ್ಷ!"

ಯಾರೋ ಅವನಿಗೂ ಹುಲ್ಲು ಕೊಟ್ಟರು. ಬಾಡಿಗೆದಾರ ಮಾತ್ರ ಕೇಳಿದ: "ಅಂಕಲ್, ಇವ್ರು ನಿಮ್ ಜೊತೆ ಯಾಕೆ ಮಾತಾಡ್ತಿಲ್ಲ?"

"ಏನಿಲ್ಲ. ಒಂದು ಸಣ್ಣ ಫೋಟೋ ವಿಷಯ."

"ಸಣ್ಣದಲ್ಲ, ದೊಡ್ಡ ಫೋಟೋ," ಎಂದ ಷಡ್ಡಕ, ಹಸುವಿಗೆ.

"ರಾಜಿ ಆಗ್ತೀರಾ?"

ನಾನು ಅವನು ಹೇಳಲಿ ಎಂದು ಕಾದೆ. ಅವನು ನಾನು ಹೇಳಲಿ ಎಂದು ಕಾದ. ಹಸು ಬಾಲ ಬೀಸಿತು.

"ಹಂಗಾದ್ರೆ ನೀವು ಇಳಿಯೋ ಹಾಗಿಲ್ಲ ಅಂಕಲ್. ಸಾರಿ," ಎಂದು ಬಾಡಿಗೆದಾರ ಗೆಳೆಯನ ಕಡೆ ತಿರುಗಿದ. ಇಬ್ಬರೂ ಕೈ ಕೈ ಹಿಡಿದು, ಜಾರುವ ಕಲ್ಲುಗಳ ಮೇಲೆ ಒಬ್ಬರನ್ನೊಬ್ಬರು ಆತುಕೊಂಡು ಮೊದಲು ಇಳಿದರು. ಉಳಿದವರು ಹಾಡುತ್ತ ಹಿಂದೆ ಹೋದರು. ಹುಲ್ಲು ನೀರಿಗೆ ಮುಟ್ಟಿಸಿದ ಮೇಲೆ ಮಾಲೂರಿನವನು ಗೆಳೆಯನ ಹೆಗಲ ಮೇಲೆ ಮುಖವಿಟ್ಟು ಬಹಳ ಹೊತ್ತು ಹಾಗೇ ನಿಂತಿದ್ದ. ಜಾರಿಬಿಟ್ಟಾರೆಂದು ನನಗೆ ಭಯ.

ಕೆರೆ ಉಳಿಸುವ ಇಬ್ಬರು ಅಧ್ಯಕ್ಷರು ಏರಿಯ ಮೇಲೆ ಹುಲ್ಲು ಹಿಡಿದು ನಿಂತೇ ಇದ್ದೆವು. ಷಡ್ಡಕ ತನ್ನ ಪಾಲಿನ ಹುಲ್ಲನ್ನು ಹಸುವಿಗೆ ತಿನ್ನಿಸಿದ. ಆಮೇಲೆ, ನನ್ನ ಮುಖ ನೋಡದೆ, ಕೈ ಚಾಚಿದ.

"ಕೊಡು ಇತ್ಲಾಗೆ. ಸುಮ್ನೆ ಬಾಡೋಗುತ್ತೆ."

ಕೊಟ್ಟೆ.